ಹದಿನಾರಾಣೆ ಬೆಳೆಯಿಂದ ಐದು ಮೀಟರ್ ಹಗ್ಗದವರೆಗೆ

ರಾಗಿ ತೆನೆ ಬಲಿತು ಕುಯ್ಲು ಹತ್ತಿರ ಬಂತು ಅಂದ್ರೆ ನಮ್ಮ ಹೊಸಕೋಟೆ ಕಡೆ ಪಂಚಾಯ್ತಿ ಪಂಚಾಯ್ತಿಲೂ ಒಂದು ಮಾತು ಏಳುತ್ತೆ: ಈ ಸಲ ಕಟಾವು ಪ್ರಯೋಗ ಯಾರ ಹೊಲಕ್ಕೆ ಬಿತ್ತು? ಅಧಿಕಾರಿಗಳು ಬರ್ತಾರೆ, ಹೊಲದ ಮೂಲೆಯಿಂದ ಹೆಜ್ಜೆ ಹಾಕ್ತಾರೆ, 5 ಮೀಟರ್ ಉದ್ದ 5 ಮೀಟರ್ ಅಗಲಕ್ಕೆ ಹಗ್ಗ ಹಿಡೀತಾರೆ. ಅದರೊಳಗಿನ ರಾಗಿ ಮಾತ್ರ ಕುಯ್ಸಿ, ಬಡಿಸಿ, ತೂರಿಸಿ ತೂಕ ಬರ್ಕೊಂಡು ಹೋಗ್ತಾರೆ. ಆ ತೂಕದ ಮೇಲೆ ಇಡೀ ಪಂಚಾಯ್ತಿಯ ಬೆಳೆ ವಿಮೆ ನಿಂತಿರುತ್ತೆ.

ಆವಾಗ ಅರಳಿಕಟ್ಟೆ ಹತ್ರ ಎರಡು ತಕರಾರು ಕೇಳಿಸ್ತವೆ. ಒಂದು, ಇಷ್ಟು ದೊಡ್ಡ ಪಂಚಾಯ್ತಿಗೆ ನಾಲ್ಕು ತುಂಡು ಕುಯ್ದ್ರೆ ಸತ್ಯ ಹೆಂಗೆ ಗೊತ್ತಾಗುತ್ತೆ? ಎರಡು, ಕುಯ್ಯೋದು ಕುಯ್ತಾರೆ, ಒಣಗಿ ಹೋಗಿರೋ ಹೊಲಕ್ಕೆ ಕರ್ಕೊಂಡು ಹೋಗಬಾರದಾ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಈ ಎರಡಕ್ಕೂ ಉತ್ತರ ಹುಡುಕೋದ್ರಲ್ಲಿ ನಮ್ಮ ದೇಶ ಮುಂದೆ ನಿಂತ ಒಂದು ನೂರು ವರ್ಷದ ಚರಿತ್ರೆ ಇದೆ. ಅದನ್ನ ತಿಳ್ಕೊಂಡ್ರೆ ಹಗ್ಗ ಹಿಡಿಯೋ ದಿನ ನಾವು ಎಲ್ಲಿ ನಿಲ್ಲಬೇಕು, ಎಲ್ಲಿ ಬಾಯಿ ಹಾಕಬಾರದು ಅನ್ನೋದು ಗೊತ್ತಾಗುತ್ತೆ. ಹೊಸ ಬೀಜ, ಹೊಸ ಗೊಬ್ಬರ ಅಂತ ಮನೆ ಬಾಗಿಲಿಗೆ ಬರೋರ ಮಾತನ್ನ ತೂಗೋಕೂ ಅದೇ ತಕ್ಕಡಿ ಆಗುತ್ತೆ.

ಹಗ್ಗ ಬರೋಕೆ ಮುಂಚೆ ಬೆಳೆ ಅಳೀತಿದ್ದದ್ದು ಕಣ್ಣು. ವಯಸ್ಸಾದವರ ಬಾಯಲ್ಲಿ ಈಗಲೂ ಇದೆ: ‘ಈ ಸಲ ಹದಿನಾರಾಣೆ ಬೆಳೆ ಕಣಪ್ಪ’, ‘ಎಂಟಾಣೆಗೂ ಮೋಸ’. ರೂಪಾಯಿಗೆ 16 ಆಣೆ ಇದ್ದ ಕಾಲ ಅದು. 16 ಆಣೆ ಅಂದ್ರೆ ತುಂಬು ಬೆಳೆ, 12 ಆಣೆ ಅಂದ್ರೆ ಮುಕ್ಕಾಲು, 8 ಆಣೆ ಅಂದ್ರೆ ಅರ್ಧ. ಊರಿನ ಲೆಕ್ಕ ಬರೆಯೋರು, ನಮ್ಮ ಕಡೆ ಶಾನುಭೋಗರು, ಉತ್ತರದಲ್ಲಿ ಪಟವಾರಿಗಳು. ಹೊಲ ನೋಡಿ ಇಷ್ಟಾಣೆ ಅಂತ ಬರೆದ್ರೆ ಮುಗೀತು. ಮೇಲಿನ ಕಚೇರಿಯಲ್ಲಿ ಬಿತ್ತನೆ ಆದ ವಿಸ್ತೀರ್ಣವನ್ನ ಎಕರೆಗೆ ಇಷ್ಟು ಅನ್ನೋ ‘ಮಾಮೂಲಿ’ ಇಳುವರಿಗೆ ಗುಣಿಸಿ, ಅದನ್ನ ಆಣೆ ಲೆಕ್ಕದಲ್ಲಿ ಇಳಿಸಿ ಜಿಲ್ಲೆಯ ಬೆಳೆ ಇಷ್ಟು ಅಂತಿದ್ರು. ಬ್ರಿಟಿಷರ ಆಡಳಿತದ ಎಷ್ಟೋ ಕಡೆ ಬರದ ವರ್ಷ ಕಂದಾಯ ಮಾಫಿ ಮಾಡೋದು, ವಸೂಲಿ ಮುಂದಕ್ಕೆ ಹಾಕೋದು ಈ ಆಣೆ ಮೇಲೇ ತೀರ್ಮಾನ ಆಗ್ತಿತ್ತು.

ಕಣ್ಣನ್ನ ಪೂರ್ತಿ ತೆಗೆದು ಹಾಕೋಕಾಗಲ್ಲ. ಅನುಭವಸ್ಥ ರೈತನ ಕಣ್ಣು ತುಂಬ ನೋಡುತ್ತೆ. ಆದ್ರೆ ಅದಕ್ಕೊಂದು ರೋಗ ಇದೆ, ಯಾವಾಗಲೂ ಮಾಮೂಲಿ ಕಡೆ ವಾಲುತ್ತೆ. ಭಾರಿ ಬೆಳೆ ಬಂದ ವರ್ಷ ಸ್ವಲ್ಪ ಕಮ್ಮಿ ಹೇಳುತ್ತೆ, ಬೆಳೆ ಕೈಕೊಟ್ಟ ವರ್ಷ ಸ್ವಲ್ಪ ಜಾಸ್ತಿ ಹೇಳುತ್ತೆ. ಕೆಟ್ಟ ವರ್ಷದಲ್ಲಿ ಜಾಸ್ತಿ ಬರೆದ್ರೆ ಪೆಟ್ಟು ಬೀಳೋದು ಯಾರಿಗೆ? ನಮಗೇ. ಜೊತೆಗೆ ‘ಮಾಮೂಲಿ’ ಅನ್ನೋದು ಯಾವ ತಕ್ಕಡೀಲೂ ತೂಗಿದ್ದಲ್ಲ, ಬರೆಯೋರ ತಲೆಯಲ್ಲಿದ್ದದ್ದು.

ಕಟಾವು ಮಾಡಿ ತೂಕ ಹಾಕೋ ಪದ್ಧತಿ ಆಗಲೂ ಇಲ್ಲದೆ ಇರ್ಲಿಲ್ಲ. ಆದ್ರೆ ಯಾವ ಹೊಲ ಅನ್ನೋದನ್ನ ಅಧಿಕಾರಿಯೇ ಆರಿಸ್ತಿದ್ದ, ‘ಸಾಧಾರಣ’ ಹೊಲ ನೋಡಿ ಕುಯ್ಸಿ ಅನ್ನೋದು ಆದೇಶ. ಸಾಧಾರಣ ಯಾವುದು? ದಾರಿಗೆ ಹತ್ತಿರ ಇದ್ದದ್ದು, ತೆನೆ ಒಂದೇ ಸಮ ಎದ್ದು ಕಾಣೋದು. ಕಲ್ಲು ಗುಡ್ಡೆ ಪಕ್ಕದ ಹೊಲಕ್ಕೆ ಯಾರು ಹತ್ತಿ ಹೋಗ್ತಾರೆ? ಅಂದ್ರೆ ತಕ್ಕಡಿ ಬಂದ್ರೂ ತಕ್ಕಡಿಗೆ ಏನು ಹಾಕಬೇಕು ಅಂತ ಹೇಳ್ತಿದ್ದದ್ದು ಕಣ್ಣೇ.

ಈ ಗಂಟು ಬಿಚ್ಚೋಕೆ ಕೈ ಹಾಕಿದವರಲ್ಲಿ ಮೊದಲಿಗರು ಜಾನ್ ಹಬ್ಬ್ಯಾಕ್ ಅನ್ನೋ ಬ್ರಿಟಿಷ್ ಅಧಿಕಾರಿ. ಆಗ ಒಂದೇ ಪ್ರಾಂತ್ಯವಾಗಿದ್ದ ಬಿಹಾರ ಮತ್ತು ಒಡಿಶಾದಲ್ಲಿ 1923ರಿಂದ 1925ರವರೆಗೆ ಭತ್ತದ ಇಳುವರಿ ಅಳೆದ್ರು. ವರದಿ 1927ರಲ್ಲಿ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯಿಂದ ಅಚ್ಚಾಯ್ತು. ಅವರು ಮಾಡಿದ್ದು ಇಷ್ಟು: ದೊಡ್ಡ ದೊಡ್ಡ ಹೊಲ ಕುಯ್ಸೋದು ಬಿಟ್ಟು, ಸಣ್ಣ ತ್ರಿಕೋನದ ಚೌಕಟ್ಟು ಇಟ್ಕೊಂಡು ತುಂಬ ಜಾಗದಲ್ಲಿ ಚಿಕ್ಕ ಚಿಕ್ಕ ತುಂಡು ಕುಯ್ಸಿದ್ರು. ಚೌಕಟ್ಟು ಎಲ್ಲಿ ಇಡಬೇಕು ಅನ್ನೋದನ್ನ ನೋಡಿ ಆರಿಸೋ ಹಂಗಿಲ್ಲ, ಅದು ಅದೃಷ್ಟಕ್ಕೆ ಬಿಟ್ಟದ್ದು.

ಆ ತ್ರಿಕೋನದ ಅಳತೆಯಲ್ಲಿ ಒಂದು ಜಾಣತನ ಇತ್ತು. ಅದು ಎಕರೆಯ 3200ರಲ್ಲಿ ಒಂದು ಪಾಲು. ಯಾಕೆ 3200? ಆಗಿನ ಲೆಕ್ಕದಲ್ಲಿ 80 ತೊಲಕ್ಕೆ ಒಂದು ಸೇರು, 40 ಸೇರಿಗೆ ಒಂದು ಮಣ. ಗುಣಿಸಿ ನೋಡಿ, ಒಂದು ಮಣಕ್ಕೆ 3200 ತೊಲ. ಹಂಗಾಗಿ ತ್ರಿಕೋನದೊಳಗೆ 15 ತೊಲ ಭತ್ತ ಸಿಕ್ಕಿದ್ರೆ ಎಕರೆಗೆ 15 ಮಣ. ಕೂಡೋದು ಬೇಡ, ಗುಣಿಸೋದು ಬೇಡ, ತಕ್ಕಡಿ ಹೇಳಿದ್ದೇ ಇಳುವರಿ. ಹೊಲದಲ್ಲಿ ಕೆಲಸ ಮಾಡೋ ಸಾಮಾನ್ಯ ನೌಕರನೂ ಲೆಕ್ಕ ತಪ್ಪೋ ಹಂಗಿಲ್ಲ.

ಇದರ ತಿರುಳು ಇಷ್ಟೇ. ಆರಿಸೋ ಮನುಷ್ಯನ ಕೈಯಿಂದ ಆಯ್ಕೆಯನ್ನ ಕಿತ್ಕೊಂಡು ಚೀಟಿಗೆ ಕೊಡೋದು. ಶಾಲೆ ಪುಸ್ತಕದಲ್ಲಿ ಇದಕ್ಕೆ ‘ಯಾದೃಚ್ಛಿಕ ಮಾದರಿ’ ಅಂತ ದೊಡ್ಡ ಹೆಸರಿದೆ, ಆಫೀಸಿನೋರು ‘ರ‍್ಯಾಂಡಮ್’ ಅಂತಾರೆ. ನಮಗೆ ಗೊತ್ತಿರೋ ಹೆಸರು ಚೀಟಿ ಎತ್ತೋದು. ಎಲ್ಲ ಹೊಲದ ಹೆಸರೂ ಡಬ್ಬೀಲಿ ಇರಬೇಕು, ಯಾವ ಚೀಟಿಗೂ ಗುರುತು ಇರಬಾರದು. ಅಷ್ಟಾದ್ರೆ ಕೆಟ್ಟ ಹೊಲ, ಒಳ್ಳೆ ಹೊಲ ಎರಡಕ್ಕೂ ಊರಲ್ಲಿ ಎಷ್ಟು ಪಾಲು ಇದೆಯೋ ಡಬ್ಬೀಲೂ ಅಷ್ಟೇ ಪಾಲು ಇರುತ್ತೆ. ಒಂದು ವರ್ಷ ಚೀಟಿ ಮೇಲೆ ಬೀಳಬಹುದು, ಇನ್ನೊಂದು ವರ್ಷ ಕೆಳಗೆ ಬೀಳಬಹುದು. ಆದ್ರೆ ಅದು ಯಾರ ಕಡೆಗೂ ವಾಲ್ಕೊಂಡಿರಲ್ಲ. ಅನ್ನ ಬೆಂದಿದೆಯಾ ಅಂತ ನೋಡೋಕೆ ನಾಲ್ಕು ಅಗುಳು ಸಾಕು, ಆದ್ರೆ ಅದು ತಳ ಮೇಲೆ ತಿರುವಿದ ಅನ್ನ ಆಗಿರಬೇಕು. ಚೀಟಿ ಮಾಡೋ ಕೆಲಸ ಆ ತಿರುವೋ ಸೌಟಿನ ಕೆಲಸ.

ಇಳುವರಿ ಅಳೆಯೋದು ಒಂದು ಕೆಲಸ ಆದ್ರೆ, ಎರಡು ಇಳುವರಿ ಹೋಲಿಸೋದು ಇನ್ನೂ ಕಷ್ಟದ ಕೆಲಸ. ಈ ಬೀಜ ಮೇಲೋ ಆ ಬೀಜ ಮೇಲೋ? ಈ ಗೊಬ್ಬರಕ್ಕೆ ಕೊಟ್ಟ ದುಡ್ಡು ವಾಪಸ್ ಬಂತೋ ಇಲ್ಲವೋ? ಇಲ್ಲಿ ಚರಿತ್ರೆ ಇಂಗ್ಲೆಂಡಿಗೆ ಹೋಗುತ್ತೆ.

ಲಂಡನ್ನಿನ ಉತ್ತರಕ್ಕೆ ರೊಥಮ್‌ಸ್ಟೆಡ್ ಅಂತ ಒಂದು ಕೃಷಿ ಸಂಶೋಧನಾ ಕೇಂದ್ರ ಇದೆ. ಅಲ್ಲಿ 1843ರಿಂದ ಒಂದು ಹೊಲದಲ್ಲಿ ಗೋಧಿ ಬೆಳೀತಾ, ಒಂದೊಂದು ಪಟ್ಟಿಗೆ ಒಂದೊಂದು ಥರ ಗೊಬ್ಬರ ಹಾಕ್ತಾ ಬಂದ್ರು. ಹೊಲದ ಹೆಸರು ಬ್ರಾಡ್‌ಬಾಕ್. ಒಂದು ಪಟ್ಟಿಗೆ ಕೊಟ್ಟಿಗೆ ಗೊಬ್ಬರ, ಒಂದಕ್ಕೆ ರಾಸಾಯನಿಕ, ಒಂದಕ್ಕೆ ಏನೂ ಇಲ್ಲ. ಆದ್ರೆ ಒಂದು ಗೊಬ್ಬರಕ್ಕೆ ಒಂದೇ ಪಟ್ಟಿ. ಆ ಪಟ್ಟಿಯ ಮಣ್ಣೇ ಮೊದಲಿಂದ ಚೆನ್ನಾಗಿದ್ದಿದ್ರೆ? ಒಂದೇ ಪಟ್ಟಿ ಇಟ್ಕೊಂಡು ಅದನ್ನ ಬಿಡಿಸೋಕೆ ಆಗಲ್ಲ.

ಮಣ್ಣಿನ ಆಟ ಎಷ್ಟಿರುತ್ತೆ ಅಂತ ತೋರಿಸೋಕೆ ಅಲ್ಲೇ 1910ರಲ್ಲಿ ಮರ್ಸರ್, ಹಾಲ್ ಅನ್ನೋ ಇಬ್ಬರು ಒಂದು ಕೆಲಸ ಮಾಡಿದ್ರು. ಒಂದು ಎಕರೆ ಗೋಧಿ. ಒಂದೇ ಬೀಜ, ಒಂದೇ ಉಪಚಾರ, ನೋಡೋಕೆ ಒಂದೇ ಸಮ. ಅದನ್ನ 500 ತುಂಡು ಮಾಡಿ ಒಂದೊಂದನ್ನೂ ಬೇರೆ ಬೇರೆ ತೂಗಿದ್ರು. ಅತಿ ಕಮ್ಮಿ ಬಂದ ತುಂಡಲ್ಲಿ 2.73 ಪೌಂಡು, ಅತಿ ಹೆಚ್ಚು ಬಂದ ತುಂಡಲ್ಲಿ 5.16 ಪೌಂಡು. ಹೆಚ್ಚು ಕಮ್ಮಿ ಎರಡರಷ್ಟು! ಒಂದು ಎಕರೆ ಒಳಗೆ, ಏನೂ ವ್ಯತ್ಯಾಸ ಮಾಡದೆ. ಈಗ ಯೋಚನೆ ಮಾಡಿ, ಕಮ್ಮಿ ಬರೋ ತುಂಡಿಗೆ ಹಳೇ ಬೀಜ, ಜಾಸ್ತಿ ಬರೋ ತುಂಡಿಗೆ ಹೊಸ ಬೀಜ ಹಾಕಿದ್ರೆ ಹೊಸ ಬೀಜ ಏನು ಬೀಜ ಅಂತ ಊರೆಲ್ಲ ಹೊಗಳ್ತಿತ್ತು.

ನಮ್ಮ ಹೊಲ ಅದಕ್ಕಿಂತ ಸಮ ಇದೆಯಾ? ನಮ್ಮದು ಇಳಿಜಾರಿನ ಕೆಂಪು ಮಣ್ಣು. ಮೇಲ್ಗಡೆ ಮಣ್ಣು ಕೊಚ್ಚಿ ಹೋಗಿ ಕೆಳಗಡೆ ಬದುವಿನ ಹತ್ರ ಕೂತಿರುತ್ತೆ, ತೇವವೂ ಅಲ್ಲೇ ನಿಲ್ಲುತ್ತೆ. ಪಕ್ಕದಲ್ಲಿ ನೀಲಗಿರಿ ತೋಪಿದ್ರೆ ಆ ಬದುವಿಂದ ಈಚೆಗೆ ಎಷ್ಟು ಸಾಲು ರಾಗಿ ಕುಂಟುತ್ತೆ ಅಂತ ಹೊಸಕೋಟೆ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಹಿಂದೆ ಕಣ ಮಾಡ್ತಿದ್ದ ಜಾಗ, ಕುರಿ ಮಂದೆ ಬಿಟ್ಟಿದ್ದ ಜಾಗ ವರ್ಷಗಟ್ಟಲೆ ಬೆಳೆಯಲ್ಲಿ ಎದ್ದು ಕಾಣುತ್ತೆ. ಇಷ್ಟು ವ್ಯತ್ಯಾಸ ಒಂದೇ ಪಹಣಿಯೊಳಗೆ ಇರುತ್ತೆ.

1919ರಲ್ಲಿ ರೊಥಮ್‌ಸ್ಟೆಡ್‌ಗೆ ಕೆಲಸಕ್ಕೆ ಸೇರಿದ ರೊನಾಲ್ಡ್ ಫಿಶರ್ ಅನ್ನೋ ಲೆಕ್ಕದ ಮನುಷ್ಯ ಈ ತೊಡಕಿಗೆ ದಾರಿ ಕಂಡುಹಿಡಿದ್ರು. ದಶಕಗಳ ಬೆಳೆ ಲೆಕ್ಕ ಅಲ್ಲಿ ರಾಶಿ ಬಿದ್ದಿತ್ತು, ಅದನ್ನ ಅರಗಿಸ್ಕೊಂಡು 1925ರಲ್ಲಿ ಒಂದು ಪುಸ್ತಕ, 1926ರಲ್ಲಿ ಹೊಲದ ಪ್ರಯೋಗ ಹೆಂಗೆ ಜೋಡಿಸಬೇಕು ಅಂತ ಒಂದು ಲೇಖನ, 1935ರಲ್ಲಿ ಅದರ ಮೇಲೇ ಇನ್ನೊಂದು ಪುಸ್ತಕ ಬರೆದ್ರು. ಅವರು ಹೇಳಿದ್ದು ಮೂರು ಕಟ್ಟಳೆ.

ಮೊದಲನೇದು, ಒಂದೇ ಸಲ ನೋಡಿ ನಂಬಬೇಡಿ. ಒಂದೊಂದು ಬೀಜಕ್ಕೂ ಹಲವು ತುಂಡು ಕೊಡಿ. ಒಂದೇ ಬೀಜ ಹಾಕಿದ ತುಂಡು ತುಂಡಿನ ನಡುವೆಯೇ ಎಷ್ಟು ಏರುಪೇರು ಅಂತ ಗೊತ್ತಾದ್ರೆ ತಾನೆ ಬೀಜ ಬೀಜದ ನಡುವಿನ ಏರುಪೇರು ನಿಜವೋ ಅಲ್ಲವೋ ತಿಳಿಯೋದು.

ಎರಡನೇದು, ಅಕ್ಕಪಕ್ಕ ಇಟ್ಟು ಹೋಲಿಸಿ. ಹೊಲದಲ್ಲಿ ಮೇಲಿನ ಪಟ್ಟಿ, ನಡುವಿನ ಪಟ್ಟಿ, ಕೆಳಗಿನ ಪಟ್ಟಿ ಅಂತ ಗುಂಪು ಮಾಡಿ, ಒಂದೊಂದು ಗುಂಪಿನೊಳಗೂ ಎಲ್ಲ ಬೀಜವೂ ಬರಬೇಕು. ಮೇಲಿನ ಬರಡನ್ನ ಕೆಳಗಿನ ಗೋಡು ಮಣ್ಣಿನ ಜೊತೆ ಹೋಲಿಸೋ ಅನ್ಯಾಯ ಆಗ ತಪ್ಪುತ್ತೆ. ಈ ಗುಂಪಿಗೆ ‘ಬ್ಲಾಕ್’ ಅಂತಾರೆ.

ಮೂರನೇದು ಮತ್ತೆ ಅದೇ ಚೀಟಿ. ಗುಂಪಿನೊಳಗೆ ಯಾವ ತುಂಡಿಗೆ ಯಾವ ಬೀಜ ಅನ್ನೋದನ್ನ ಪ್ರಯೋಗ ಮಾಡೋನು ಆರಿಸಬಾರದು. ಯಾಕಂದ್ರೆ ದುಡ್ಡು ಕೊಟ್ಟು ತಂದ ಹೊಸ ಬೀಜಕ್ಕೆ ಒಳ್ಳೆ ಜಾಗ ಕೊಡೋಕೆ ಕೈ ತಾನಾಗೇ ಹೋಗುತ್ತೆ. ಬಿಡಿ, ಎಡಕ್ಕೆ ಹಳೇದು ಬಲಕ್ಕೆ ಹೊಸದು ಅಂತ ಪ್ರತಿ ಸಲ ಒಂದೇ ಕ್ರಮ ಇಟ್ರೆ ಸಾಲ್ದಾ? ಸಾಲಲ್ಲ. ಬಲಗಡೆ ಉದ್ದಕ್ಕೂ ನೀಲಗಿರಿ ಬೇರೋ, ನೀರು ಹರಿಯೋ ಜಾಡೋ ಇದ್ರೆ ಎಲ್ಲ ತುಂಡಲ್ಲೂ ಹೊಸದಕ್ಕೇ ಏಟು. ನಮಗೆ ಗೊತ್ತಿರೋ ವ್ಯತ್ಯಾಸಕ್ಕೆ ಬ್ಲಾಕು, ಗೊತ್ತಿಲ್ಲದ್ದಕ್ಕೆ ಚೀಟಿ.

1935ರ ಪುಸ್ತಕದಲ್ಲಿ ಫಿಶರ್ ಕೊಟ್ಟ ಉದಾಹರಣೆ ಹೊಲದ್ದಲ್ಲ, ಟೀದು. ಕಪ್ಪಿಗೆ ಮೊದಲು ಹಾಲು ಹಾಕಿದ್ರೋ ಮೊದಲು ಟೀ ಹಾಕಿದ್ರೋ ಅಂತ ಕುಡಿದೇ ಹೇಳ್ತೀನಿ ಅನ್ನೋ ಒಬ್ಬ ಹೆಣ್ಣುಮಗಳು. ಇದನ್ನ ಪರೀಕ್ಷೆ ಮಾಡೋದು ಹೆಂಗೆ? ನಾವು ಮುದ್ದೆಗೆ ಇಟ್ಕೊಳ್ಳೋಣ. ಬೀಸೋಕಲ್ಲಿನ ಹಿಟ್ಟಿನ ಮುದ್ದೆ ಯಾವುದು, ಮಿಲ್ಲಿನ ಹಿಟ್ಟಿನ ಮುದ್ದೆ ಯಾವುದು ಅಂತ ನುಂಗಿದ ತಕ್ಷಣ ಹೇಳ್ತೀನಿ ಅಂತ ಒಬ್ಬರು ಪಂಥ ಕಟ್ತಾರೆ ಅನ್ಕೊಳ್ಳಿ. ಎಂಟು ಮುದ್ದೆ, ನಾಲ್ಕು ಅದು, ನಾಲ್ಕು ಇದು, ಯಾವ ಕ್ರಮದಲ್ಲಿ ಬಡಿಸಬೇಕು ಅನ್ನೋದು ಚೀಟಿಯಲ್ಲಿ. ಎಂಟರಲ್ಲಿ ನಾಲ್ಕನ್ನ ಆರಿಸೋಕೆ 70 ದಾರಿ ಇವೆ. ನಾಲಿಗೆಗೆ ಏನೂ ಗೊತ್ತಾಗದೆ ಬರೀ ಅದೃಷ್ಟದಿಂದ ಎಂಟೂ ಸರಿ ಹೇಳೋದು 70ರಲ್ಲಿ ಒಂದು ಸಲ. ಹಂಗಾಗಿ ಎಂಟಕ್ಕೆ ಎಂಟೂ ಸರಿ ಆದ್ರೆ ಒಪ್ಕೋಬಹುದು. ಒಂದೇ ಮುದ್ದೆ ಕೊಟ್ಟು ಸರಿ ಹೇಳಿದ್ರೆ ಅದು ಎರಡರಲ್ಲಿ ಒಂದು, ನಾಣ್ಯ ಚಿಮ್ಮಿದ ಹಂಗೆ. ಹೊಸ ಬೀಜದ ಒಂದೇ ಹೊಲ ತೋರಿಸಿ ಮಾತಾಡೋರ ಸಾಕ್ಷಿಯೂ ಅಷ್ಟೇ ತೂಕದ್ದು.

ಇಷ್ಟು ಹೊತ್ತು ಇಂಗ್ಲೆಂಡ್ ಆಯ್ತು. ಆ ಹೊತ್ತಿಗೆ ನಮ್ಮ ಮೈಸೂರು ಸೀಮೆಯಲ್ಲಿ ಏನಾಗ್ತಿತ್ತು? ಹೆಬ್ಬಾಳ ನಮಗೇನು ದೂರ ಅಲ್ಲ. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರಾಜ್ಯ ನೋಡ್ಕೋತಿದ್ದ ಕಾಲದಲ್ಲಿ ಅಲ್ಲಿ 30 ಎಕರೆ ಜಾಗ ಕೊಟ್ಟು ಪ್ರಯೋಗದ ಹೊಲ ಶುರು ಮಾಡ್ಸಿದ್ರು. ಡಾಕ್ಟರ್ ಲೇಮನ್ ಅನ್ನೋ ವಿಜ್ಞಾನಿ ಅದರ ಹೊಣೆ ಹೊತ್ರು. ಬೆಳೆಗೆ ಯಾವ ಗೊಬ್ಬರ ಎಷ್ಟು ಹಿಡಿಯುತ್ತೆ ಅಂತ ನಮ್ಮ ಮಣ್ಣಲ್ಲೇ ನೋಡೋ ಕೆಲಸ ಅಲ್ಲಿ ಮೊದಲಾಯ್ತು.

1908ರಲ್ಲಿ ಕೆನಡಾದಿಂದ ಲೆಸ್ಲಿ ಕೋಲ್ಮನ್ ಬಂದ್ರು. ಮಲೆನಾಡಿನ ಅಡಿಕೆ ಕೊಳೆರೋಗ ಅವರ ಮುಂದೆ ಬಂದ ದೊಡ್ಡ ಸವಾಲು. ಮಳೆ ತಾಗಬಾರದು ಅಂತ ಗೊನೆಗೆ ಕೊಟ್ಟೆ ಕಟ್ಟೋದೊಂದೇ ಆಗ ರೈತರಿಗೆ ಗೊತ್ತಿದ್ದ ದಾರಿ. ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಹೊಡೆದು ಕೋಲ್ಮನ್ ರೋಗ ತಡೆದು ತೋರಿಸಿದ್ರು. 1910ರಲ್ಲಿ ಅದರ ಪುಸ್ತಿಕೆ ಬಂತು. ಇವತ್ತಿಗೂ ಅಡಿಕೆಯೋರು ಅದನ್ನೇ ಹೊಡೀತಾರೆ.

ಇಲ್ಲೊಂದು ಗಮನಿಸಬೇಕು. ಕೋಲ್ಮನ್ ಗೆದ್ದದ್ದು ಫಿಶರ್ ಕಟ್ಟಳೆ ಹುಟ್ಟೋಕೆ ಮುಂಚೆ. ಹೊಡೆದ ಮರದಲ್ಲಿ ಅಡಿಕೆ ನಿಂತಿತ್ತು, ಹೊಡೆಯದ ಮರದ ಬುಡದಲ್ಲಿ ಕೊಳೆತ ಅಡಿಕೆ ಉದುರಿತ್ತು ಅಂದ್ರೆ ಚೀಟಿ ಯಾಕೆ ಬೇಕು? ವ್ಯತ್ಯಾಸ ಆನೆಯಷ್ಟಿದ್ರೆ ಕಣ್ಣೇ ಸಾಕು. ಆದ್ರೆ ರಾಗೀಲಿ ಒಂದು ತಳಿ ಇನ್ನೊಂದಕ್ಕಿಂತ ನೂರಕ್ಕೆ ಹತ್ತು ಹೆಚ್ಚು ಕೊಡುತ್ತೆ ಅನ್ನೋ ಮಾತು ಬಂದ್ರೆ, ಮಣ್ಣಿನ ಏರುಪೇರು ಅದಕ್ಕಿಂತ ದೊಡ್ಡದು. ಅಲ್ಲಿ ಕಣ್ಣು ಸೋಲುತ್ತೆ. ನಮ್ಮ ಬದುಕಿನ ಎಷ್ಟೋ ತೀರ್ಮಾನ ಇಂಥ ನೂರಕ್ಕೆ ಹತ್ತರವೇ.

ಅದಕ್ಕೇ ಈಗ ಹೊಸ ರಾಗಿ ತಳಿ ಬಿಡೋಕೆ ಮುಂಚೆ ಒಂದೇ ಫಾರಮ್ಮಿನ ಒಂದೇ ವರ್ಷದ ಬೆಳೆ ನೋಡಿ ಬಿಡಲ್ಲ. ಮಂಡ್ಯದ ವಿ.ಸಿ. ಫಾರಮ್ಮಿನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಅಂತಲೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನ ತಂದ್ರು. ನಮ್ಮ ಕಡೆ ಮನೆಮಾತಾಗಿರೋ ಜಿಪಿಯು 28 ಬೆಂಕಿರೋಗ ತಡೆಯುತ್ತೆ ಅಂತ ಹೆಸರು ಮಾಡ್ತು. ಇಂಥ ತಳಿಗಳನ್ನ ಬೇರೆ ಬೇರೆ ಊರಲ್ಲಿ, ಬೇರೆ ಬೇರೆ ವರ್ಷ, ಬ್ಲಾಕ್ ಮಾಡಿ, ಚೀಟಿ ಹಾಕಿ, ಹಳೇ ತಳಿಯ ಪಕ್ಕದಲ್ಲೇ ನಿಲ್ಲಿಸಿ ತೂಗೋದು ಪದ್ಧತಿ.

ಜಿಕೆವಿಕೆಗೆ ಕೃಷಿ ಮೇಳಕ್ಕೆ ಹೋದಾಗ ಚಿಕ್ಕ ಚಿಕ್ಕ ಮಡಿಗೆ ಬೋರ್ಡು ಹಾಕಿರೋದನ್ನ ನೋಡಿರ್ತೀರಿ. ಪಕ್ಕಪಕ್ಕದಲ್ಲಿ ಗೊಬ್ಬರ ಅದಲು ಬದಲಾಗಿ ಇರುತ್ತಲ್ಲ, ಅದು ಕೆಲಸದೋರ ಅವಾಂತರ ಅಲ್ಲ, ಚೀಟಿ ಹೇಳಿದ ಜಾಗ. ಅಲ್ಲಿ 1986ರಿಂದ ರಾಗಿ, ಅದರ ಹಿಂದೆ ಮೆಕ್ಕೆಜೋಳ, ಹಿಂಗೆ ಒಂದೇ ಜಾಗದಲ್ಲಿ ದೀರ್ಘಾವಧಿ ಗೊಬ್ಬರ ಪ್ರಯೋಗ ನಡೀತಾ ಇದೆ. ಬರೀ ಯೂರಿಯಾ ಥರದ ಸಾರಜನಕ ಹಾಕಿದ ಮಡಿಯಲ್ಲಿ ವರ್ಷ ಕಳೀತಾ ಇಳುವರಿ ಕುಸೀತು. ಸಾರಜನಕ, ರಂಜಕ, ಪೊಟ್ಯಾಷಿನ ಜೊತೆ ಕೊಟ್ಟಿಗೆ ಗೊಬ್ಬರವೂ ಬಿದ್ದ ಮಡಿಯಲ್ಲಿ ಇಳುವರಿ ನಿಂತಿತು. ತಿಪ್ಪೆ ಗೊಬ್ಬರದ ಬೆಲೆ ನಮ್ಮ ಅಜ್ಜಂದಿರಿಗೂ ಗೊತ್ತಿತ್ತು. ಆದ್ರೆ ಈ ಸಾಕ್ಷಿಯನ್ನ ಯಾರೂ ‘ಆ ಮಡಿಯ ಮಣ್ಣೇ ಚೆನ್ನಾಗಿತ್ತು’ ಅಂತ ತಳ್ಳಿ ಹಾಕೋಕಾಗಲ್ಲ.

ಈಗ ಮತ್ತೆ ಕಟಾವಿನ ಹಗ್ಗಕ್ಕೆ ಬರೋಣ. ಹಬ್ಬ್ಯಾಕ್ ಹಾಕಿದ ದಾರಿಯನ್ನ ದೊಡ್ಡದು ಮಾಡಿದವರು ಕಲ್ಕತ್ತೆಯ ಪ್ರಶಾಂತ ಚಂದ್ರ ಮಹಾಲನೋಬಿಸ್. 1931ರಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದ್ರು. ಅದರ ಒಂದು ಕೇಂದ್ರ ಬೆಂಗಳೂರಿನ ಮೈಸೂರು ರಸ್ತೆಯಲ್ಲೂ ಇದೆ. 1937ರಿಂದ ಬಂಗಾಳದ ಸೆಣಬಿನ ಬೆಳೆಯನ್ನ ಮಾದರಿ ಆರಿಸಿ ಅಳೆಯೋ ಕೆಲಸ ಹಿಡಿದ್ರು. 1938ರ ಜನವರೀಲಿ ಕಲ್ಕತ್ತೆಯಲ್ಲಿ ನಡೆದ ಮೊದಲನೇ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನಕ್ಕೆ ಫಿಶರ್ ಅವರೇ ಬಂದು ಅಧ್ಯಕ್ಷರಾಗಿ ಕೂತಿದ್ರು.

ಇದೇ ಹೊತ್ತಲ್ಲಿ ಇನ್ನೊಬ್ಬ ಘಟಾನುಘಟಿ, ಮಹಾರಾಷ್ಟ್ರದ ಪಿ.ವಿ. ಸುಖಾತ್ಮೆ, ದೆಹಲಿಯ ಕೃಷಿ ಸಂಶೋಧನಾ ಮಂಡಳಿಯಲ್ಲಿದ್ರು. ಕಟಾವಿನ ತುಂಡು ಎಷ್ಟು ದೊಡ್ಡದಿರಬೇಕು ಅನ್ನೋದ್ರ ಮೇಲೆ ಇವರಿಗೂ ಮಹಾಲನೋಬಿಸ್ ಅವರಿಗೂ ಜೋರು ವಾದ. ಸಣ್ಣ ತುಂಡಾದ್ರೆ ಬೇಗ ಮುಗಿಯುತ್ತೆ, ಜಾಸ್ತಿ ಜಾಗದಲ್ಲಿ ಕುಯ್ಯಬಹುದು ಅನ್ನೋದು ಮಹಾಲನೋಬಿಸ್ ಕಡೆಯ ಮಾತು. ತುಂಡು ತೀರಾ ಸಣ್ಣದಾದ್ರೆ ಇಳುವರಿ ಜಾಸ್ತಿ ತೋರಿಸುತ್ತೆ ಅಂತ ಸುಖಾತ್ಮೆ 1946ರಲ್ಲಿ ಅಂಕಿ ಇಟ್ಟು ತೋರಿಸಿದ್ರು.

ಯಾಕೆ ಜಾಸ್ತಿ? ಹಗ್ಗದ ಗೆರೆ ಮೇಲೆ ನಿಂತ ಬುಡವನ್ನ ಕುಯ್ಯೋನು ಒಳಗೆ ಸೇರಿಸ್ಕೊಳ್ಳೋದೇ ಹೆಚ್ಚು, ಹೊರಗೆ ಬಿಡೋದು ಕಮ್ಮಿ. ಒಂದು ಮೀಟರ್ ಚೌಕದಲ್ಲಿ ಒಂದು ಚದರ ಮೀಟರ್ ಜಾಗಕ್ಕೆ 4 ಮೀಟರ್ ಗೆರೆ. ಐದು ಮೀಟರ್ ಚೌಕದಲ್ಲಿ 25 ಚದರ ಮೀಟರಿಗೆ 20 ಮೀಟರ್ ಗೆರೆ, ಅಂದ್ರೆ ಚದರ ಮೀಟರಿಗೆ ಮುಕ್ಕಾಲು ಮೀಟರಿಗೆ ಸ್ವಲ್ಪ ಮೇಲೆ. ಗೆರೆ ಮೇಲಿನ ಮೋಸ ಐದನೇ ಒಂದು ಭಾಗಕ್ಕೆ ಇಳೀತು. ಸುಖಾತ್ಮೆ ಆಮೇಲೆ ವಿ.ಜಿ. ಪಾನ್ಸೆ ಜೊತೆ ಸೇರಿ ಬರೆದು 1954ರಲ್ಲಿ ಬಂದ ಪುಸ್ತಕವನ್ನ ಕೃಷಿ ಕಾಲೇಜಿನ ಮಕ್ಕಳು ಎಷ್ಟೋ ತಲೆಮಾರು ಓದಿದ್ದಾರೆ.

ಈಗ ನಮ್ಮ ಹೊಲಕ್ಕೆ ಬರೋ ಹಗ್ಗ ಈ ವಾದದ ಮಗುವೇ. ಮೊದಲು ಊರು, ಆಮೇಲೆ ಸರ್ವೆ ನಂಬರು, ಆಮೇಲೆ ಹೊಲದೊಳಗಿನ ಜಾಗ, ಮೂರೂ ಚೀಟಿ ಲೆಕ್ಕದಲ್ಲೇ ಬರಬೇಕು. ಹೊಲದ ನೈರುತ್ಯ ಮೂಲೆಯಿಂದ ಉದ್ದಕ್ಕೆ ಇಷ್ಟು ಹೆಜ್ಜೆ, ಅಗಲಕ್ಕೆ ಇಷ್ಟು ಹೆಜ್ಜೆ ಅಂತ ಅಂಕಿ ಮೊದಲೇ ಬಂದಿರುತ್ತೆ. ಆ ಹೆಜ್ಜೆ ನಿಂತ ಕಡೆ ಹಗ್ಗ. ಅಲ್ಲಿ ರಾಗಿ ತೆಳ್ಳಗಿದ್ರೂ ಅಲ್ಲೇ, ದಟ್ಟವಾಗಿದ್ರೂ ಅಲ್ಲೇ. ಫಸಲ್ ಬಿಮಾ ಯೋಜನೆ 2016ರಲ್ಲಿ ಬಂದಾಗಿನ ನಿಯಮದಲ್ಲಿ ಪಂಚಾಯ್ತಿ ಮಟ್ಟದ ಮುಖ್ಯ ಬೆಳೆಗೆ ಕನಿಷ್ಠ 4 ಕಟಾವು, ಹೋಬಳಿ ಮಟ್ಟದಲ್ಲಾದ್ರೆ ಕನಿಷ್ಠ 10.

ಈ 25 ಚದರ ಮೀಟರ್ ಅಂದ್ರೆ ಹತ್ತಿರ ಹತ್ತಿರ ಕಾಲು ಗುಂಟೆ. ಎಕರೆಗೆ ಏರಿಸಬೇಕಾದ್ರೆ 162ರಿಂದ ಗುಣಿಸಬೇಕು. ಹಗ್ಗದೊಳಗೆ ಒಂದು ಕೆಜಿ ಹೆಚ್ಚು ಕಮ್ಮಿ ಆದ್ರೆ ಎಕರೆಗೆ 162 ಕೆಜಿ ಹೆಚ್ಚು ಕಮ್ಮಿ. ಹಗ್ಗ ಎರಡು ಹೆಜ್ಜೆ ಆಚೆ ಈಚೆ ಆದ್ರೆ ಏನಾಯ್ತು ಅನ್ನೋರು ಈ ಅಂಕಿ ನೆನಪಿಟ್ಕೋಬೇಕು.

ಲೆಕ್ಕ ಹಾಕಿ ತೋರಿಸ್ತೀನಿ, ಅಂಕಿ ಉದಾಹರಣೆಗೆ ಮಾತ್ರ. ಪಂಚಾಯ್ತಿಯ ಖಾತರಿ ಇಳುವರಿ ಎಕರೆಗೆ 8 ಕ್ವಿಂಟಾಲ್ ಅನ್ಕೊಳ್ಳಿ. ಚೀಟಿ ಬಿದ್ದ ನಾಲ್ಕು ಹೊಲದಲ್ಲಿ 5, 6, 6, 7 ಕ್ವಿಂಟಾಲ್ ಬಂತು. ಸರಾಸರಿ 6. ಕೊರತೆ 2, ಅಂದ್ರೆ 8ರಲ್ಲಿ ಕಾಲು ಭಾಗ, ವಿಮೆ ಮೊತ್ತದ ನೂರಕ್ಕೆ 25 ಪರಿಹಾರ. ಈಗ ಆ 5 ಕ್ವಿಂಟಾಲಿನ ಹೊಲ ದೂರ ಇದೆ, ಜೀಪು ಹೋಗಲ್ಲ ಅಂತ ದಾರಿ ಪಕ್ಕದ, ಕೊಳವೆ ಬಾವಿ ನೀರು ಹಾಯಿಸಿದ 9 ಕ್ವಿಂಟಾಲಿನ ಹೊಲದಲ್ಲಿ ಕುಯ್ದ್ರು ಅನ್ಕೊಳ್ಳಿ. 9, 6, 6, 7, ಸರಾಸರಿ 7. ಪರಿಹಾರ ನೂರಕ್ಕೆ ಹನ್ನೆರಡೂವರೆ. ಒಂದು ಹೊಲ ಬದಲಾಗಿದ್ದಕ್ಕೆ ಪಂಚಾಯ್ತಿಯ ಅಷ್ಟೂ ವಿಮೆದಾರರ ಪರಿಹಾರ ಅರ್ಧ ಆಯ್ತು. ಯಾರೂ ಕದ್ದಿಲ್ಲ, ತಕ್ಕಡಿಯೂ ಸುಳ್ಳು ಹೇಳಿಲ್ಲ.

ಹಂಗಾದ್ರೆ ನಾವೇ ಒಣಗಿದ ಹೊಲಕ್ಕೆ ಕರ್ಕೊಂಡು ಹೋದ್ರೆ ಲಾಭ ಅಲ್ವಾ? ಆ ವರ್ಷಕ್ಕೆ ಹಂಗೆ ಕಾಣುತ್ತೆ. ಆದ್ರೆ ಖಾತರಿ ಇಳುವರಿ ಎಲ್ಲಿಂದ ಬರುತ್ತೆ? ಹಿಂದಿನ 7 ವರ್ಷದಲ್ಲಿ ಚೆನ್ನಾಗಿ ಬಂದ 5 ವರ್ಷದ ಸರಾಸರಿಯಿಂದ. ವರ್ಷ ವರ್ಷವೂ ಕೆಟ್ಟ ಮೂಲೆ ಕುಯ್ಸಿದ್ರೆ ಆ 5 ವರ್ಷವೂ ಕುಗ್ಗುತ್ತೆ. 8 ಇದ್ದ ಖಾತರಿ 6ಕ್ಕೆ ಇಳಿದ ಮೇಲೆ, ನಿಜವಾದ ಬರದಲ್ಲಿ 6 ಕ್ವಿಂಟಾಲ್ ಬಂದಾಗ ಕೊರತೆ ಸೊನ್ನೆ, ಪರಿಹಾರವೂ ಸೊನ್ನೆ. ಇವತ್ತು ತೋರಿಸಿದ ಒಣಗಿದ ಮೂಲೆ ನಾಳೆ ನಮ್ಮ ಮಕ್ಕಳ ಪಾಲಿಗೆ ಬರುತ್ತೆ.

ಹಂಗಂತ ನಾಲ್ಕು ಕಟಾವು ಅಂದ್ರೆ ಸತ್ಯ ಕರಾರುವಾಕ್ಕಾಗಿ ಸಿಕ್ಬಿಡ್ತು ಅಂತಲ್ಲ. ನಾಲ್ಕು ಕಮ್ಮಿಯೇ. ಹತ್ತಾದ್ರೆ ಇನ್ನೂ ಹತ್ತಿರ ಬರುತ್ತೆ. ಜಾಸ್ತಿ ಮಾಡಿ ಅಂತ ಕೇಳೋದು ನ್ಯಾಯವಾದ ಬೇಡಿಕೆ. ಆದ್ರೆ ಆರಿಸಿ ಕುಯ್ದ ನಲವತ್ತಕ್ಕಿಂತ ಚೀಟಿ ಹಾಕಿ ಕುಯ್ದ ನಾಲ್ಕು ಮೇಲು. ನಾಲ್ಕರ ತಪ್ಪು ಒಂದು ಸಲ ಮೇಲೆ ಒಂದು ಸಲ ಕೆಳಗೆ ಹೋಗಿ ವರ್ಷಗಳಲ್ಲಿ ಸಮ ಆಗುತ್ತೆ. ಆರಿಸಿದ್ದರ ತಪ್ಪು ಎಷ್ಟು ಸೇರಿಸಿದ್ರೂ ಒಂದೇ ಕಡೆ ವಾಲ್ಕೊಂಡಿರುತ್ತೆ.

ಇದೇ ವಿದ್ಯೆಯನ್ನ ನಮ್ಮ ಹೊಲದಲ್ಲಿ ಬೀಜ, ಗೊಬ್ಬರ ನೋಡೋಕೂ ಬಳಸಬಹುದು. ಆರು ಗುಂಟೆ ಸಾಕು. ಇಳಿಜಾರಿಗೆ ಅಡ್ಡಲಾಗಿ ಗುಂಟೆಗೊಂದರಂತೆ ಆರು ಪಟ್ಟಿ ಮಾಡಿ. ಒಂದೊಂದು ಪಟ್ಟಿಯನ್ನ ನಡುವೆ ಎರಡು ಭಾಗ ಮಾಡಿ. ಪಟ್ಟಿಗೊಂದು ಸಲ ನಾಣ್ಯ ಚಿಮ್ಮಿ, ರಾಜ ಬಿದ್ರೆ ಹೊಸದು ಎಡಕ್ಕೆ, ಇಲ್ಲದಿದ್ರೆ ಬಲಕ್ಕೆ. ಬಿದ್ದದ್ದನ್ನ ಆವಾಗಲೇ ಬರೆದಿಡಿ, ಮನಸ್ಸಿಗೆ ಬರಲಿಲ್ಲ ಅಂತ ಮತ್ತೆ ಚಿಮ್ಮಬೇಡಿ. ಒಂದೇ ದಿನ ಬಿತ್ತನೆ, ಒಂದೇ ಸಮ ಕುಂಟೆ, ಒಂದೇ ಸಮ ಕಳೆ, ಅಕ್ಕಡಿ ಸಾಲು ಎರಡರಲ್ಲೂ ಅಷ್ಟಷ್ಟೇ. ಕುಯ್ಯುವಾಗ ಅಂಚಿನ ಎರಡು ಸಾಲು ಬಿಟ್ಟು ಒಳಗಿನದ್ದನ್ನ ಹನ್ನೆರಡು ಬೇರೆ ಬೇರೆ ಚೀಲದಲ್ಲಿ ತೂಗಿ.

ಆಮೇಲೆ ಒಂದೊಂದು ಪಟ್ಟಿಯಲ್ಲೂ ಹೊಸದು ಗೆದ್ದಿತೋ ಹಳೇದು ಗೆದ್ದಿತೋ ನೋಡಿ. ಎರಡೂ ನಿಜವಾಗಿ ಸಮವೇ ಆಗಿದ್ರೆ, ಹೊಸದು ಆರಕ್ಕೆ ಆರೂ ಬರೀ ಅದೃಷ್ಟದಿಂದ ಗೆಲ್ಲೋದು 64ರಲ್ಲಿ ಒಂದು ಸಲ. ಹಂಗೆ ಗೆದ್ರೆ ನಂಬೋಕೆ ಅಡ್ಡಿಯಿಲ್ಲ. ಐದು ಅಥವಾ ಆರು ಗೆಲ್ಲೋದು 64ರಲ್ಲಿ 7 ಸಲ, ಹತ್ತಿರ ಹತ್ತಿರ ಒಂಬತ್ತಕ್ಕೆ ಒಂದು. ಐದು ಗೆದ್ರೆ ಇನ್ನೊಂದು ವರ್ಷ ನೋಡಿ. ನಾಲ್ಕು ಗೆದ್ರೆ ದುಡ್ಡು ಜೇಬಲ್ಲೇ ಇರಲಿ. ಗೆದ್ದ ಮೇಲೂ ಎಷ್ಟು ಕೆಜಿ ಜಾಸ್ತಿ ಬಂತು, ಅದು ಬೀಜದ ಬೆಲೆಗೆ ಸಾಟಿಯೋ ಅನ್ನೋದು ಬೇರೆ ಲೆಕ್ಕ, ಅದನ್ನೂ ಹಾಕಿ.

ಡೆಮೊ ಪ್ಲಾಟ್ ಅಂತ ಬೋರ್ಡು ಹಾಕಿ ಕರೆದ್ರೆ ನೋಡೋಕೆ ಹೋಗೋಣ, ತಪ್ಪಿಲ್ಲ. ಆದ್ರೆ ನಾಲ್ಕು ಮಾತು ಕೇಳೋಣ. ಹಳೇ ಬೀಜ ಪಕ್ಕದಲ್ಲೇ ಹಾಕಿದ್ದೀರಾ? ಎಷ್ಟು ಕಡೆ ಹಾಕಿದ್ದೀರಿ? ಈ ಜಾಗ ಆರಿಸಿದ್ದು ಯಾರು? ಚೆನ್ನಾಗಿ ಬರದ ಪ್ಲಾಟ್‌ಗಳು ಎಲ್ಲಿವೆ? ನಾಲ್ಕನೇದಕ್ಕೆ ಉತ್ತರ ಬರದಿದ್ರೆ ನಾವು ನೋಡ್ತಿರೋದು ಗೆದ್ದ ಚೀಟಿ ಮಾತ್ರ ಅಂತ ತಿಳ್ಕೋಬೇಕು.

ಇನ್ನು ಈ ಸಲದ ಕಟಾವು. ನಮ್ಮ ಪಿಲ್ಲಗುಂಪೆ ಸುತ್ತ ಫ್ಯಾಕ್ಟರಿ ಎದ್ದ ಮೇಲೆ ಉಳಿದಿರೋ ರಾಗಿ ಹೊಲಗಳೇ ಚದುರಿ ಹೋಗಿವೆ, ದಾರಿ ಬದೀದು ಬಿಟ್ರೆ ಒಳಗಿನದ್ದು ಹೊರಗಿನೋರಿಗೆ ಕಾಣೋದೇ ಇಲ್ಲ. ಅದಕ್ಕೇ ಹೇಳ್ತಿದ್ದೀನಿ. ನಿಮ್ಮ ಪಂಚಾಯ್ತಿಯಲ್ಲಿ ಯಾವ ಯಾವ ಸರ್ವೆ ನಂಬರಿಗೆ ಚೀಟಿ ಬಿದ್ದಿದೆ ಅಂತ ಮೊದಲೇ ಕೇಳಿ ಬರ್ಕೊಳ್ಳಿ. ಕುಯ್ಯೋ ದಿನ ಇಬ್ಬರು ಮೂವರು ಹೋಗಿ ನಿಂತ್ಕೊಳ್ಳಿ. ಅದೇ ಸರ್ವೆ ನಂಬರಾ, ಹೆಜ್ಜೆ ನೈರುತ್ಯ ಮೂಲೆಯಿಂದಲೇ ಶುರುವಾಯ್ತಾ, ಅಂಕಿ ಎಷ್ಟಿತ್ತೋ ಅಷ್ಟೇ ಹೆಜ್ಜೆ ಹಾಕಿದ್ರಾ, ಹಗ್ಗ ಬಿಗಿಯಾಗಿದೆಯಾ, ತಕ್ಕಡಿ ಸೊನ್ನೆಯಲ್ಲಿದೆಯಾ, ಇಷ್ಟು ನೋಡಿ. ಇದರಲ್ಲಿ ಯಾವುದು ತಪ್ಪಿದ್ರೂ ಅಲ್ಲೇ ಧೈರ್ಯವಾಗಿ ಕೇಳಿ. ಹಗ್ಗ ಎಲ್ಲಿ ಬಿತ್ತು ಅನ್ನೋದಕ್ಕೆ ಮಾತ್ರ ಬಾಯಿ ಹಾಕಬೇಡಿ. ಅದು ಒಳ್ಳೆ ಜಾಗಕ್ಕೆ ಬಿದ್ರೂ ಸರಿ, ಕೆಟ್ಟ ಜಾಗಕ್ಕೆ ಬಿದ್ರೂ ಸರಿ.